ಲೋಡ್ ಬಿದ್ದೊಡನೆ ನಿಲ್ಲುವ ಜನರೇಟರ್

ಬೇಸಿಗೆಯ ನಡುಹಗಲು ವಿಜಯಪುರದ ಬಿಸಿಲು 40 ಡಿಗ್ರಿ ದಾಟಿರುವಾಗ ಕರೆಂಟ್ ಹೋದರೆ ಮನೆಯ ಜನರೇಟರೇ ಗತಿ. ತಿಕೋಟಾ, ಬಬಲೇಶ್ವರದ ತೋಟದ ಮನೆಗಳಲ್ಲಂತೂ ಕುಡಿಯುವ ನೀರು ಟಾಕಿಗೆ ಏರುವುದಕ್ಕೂ ಅದೇ ಬೇಕು. ಫ್ಯಾನು, ದೀಪ, ಫ್ರಿಜ್ ಇರುವತನಕ ಚೆನ್ನಾಗಿ ಓಡುವ ಯಂತ್ರ ನೀರಿನ ಮೋಟರ್ ಹಚ್ಚಿದ ಗಳಿಗೆಯಲ್ಲೇ ನಿಂತುಬಿಡುತ್ತದೆ. ‘ಇದು ಸಾಲೂದಿಲ್ಲ, ದೊಡ್ಡದು ತರೂಣು’ ಎಂಬ ಮಾತು ಬಂದೇ ಬರುತ್ತದೆ. ಅಷ್ಟು ದುಡ್ಡು ಸುರಿಯುವ ಮೊದಲು ಅದು ಹೇಗೆ ನಿಂತಿತು ಎಂದು ನೋಡಿ.

ಎಂಜಿನ್ ಓಡುತ್ತಲೇ ಇದ್ದು ಬ್ರೇಕರ್ ಮಾತ್ರ ಬಿದ್ದರೆ ಸಾಮಾನ್ಯವಾಗಿ ಲೋಡ್ ಹೆಚ್ಚಾಗಿದೆ ಎಂದೇ ಅರ್ಥ. 5 ಕೆವಿಎ ಯಂತ್ರ 0.8 ಪವರ್ ಫ್ಯಾಕ್ಟರ್ ಲೆಕ್ಕದಲ್ಲಿ ಕೊಡುವುದು 4 ಕಿಲೋವ್ಯಾಟ್. 230 ವೋಲ್ಟ್‌ಗೆ ಸುಮಾರು 22 ಆಂಪಿಯರ್. 1 ಎಚ್‌ಪಿ ಮೋಟರ್ ಓಡುವಾಗ ಆರೇಳು ಆಂಪಿಯರ್ ತಗೊಂಡರೂ ಶುರುವಾಗುವ ಕ್ಷಣದಲ್ಲಿ ಅದರ ಐದಾರು ಪಟ್ಟು ಎಳೆಯುತ್ತದೆ. ಆದ್ದರಿಂದ ಮೋಟರನ್ನು ಮೊದಲು ಹಚ್ಚಿ, ಅದು ವೇಗ ಹಿಡಿದ ಮೇಲೆ ಉಳಿದವನ್ನು ಒಂದೊಂದಾಗಿ ಸೇರಿಸಬೇಕು.

ಎಂಜಿನ್ನೇ ದಮ್ಮು ಕಟ್ಟಿದಂತೆ ಸದ್ದು ತಗ್ಗಿಸಿ ನಿಂತರೆ? ಆಗ 2 ಕಿಲೋವ್ಯಾಟ್ ಗೀಸರ್ ಒಂದನ್ನೇ ಹಚ್ಚಿ ನೋಡಿ. ಗೀಸರ್‌ಗೆ ಮೋಟರಿನಂತೆ ಶುರುವಿನ ಎಳೆತವಿಲ್ಲ. ಅದನ್ನು ಸರಾಗವಾಗಿ ಹೊತ್ತ ಯಂತ್ರ ಮೋಟರಿಗೆ ಮಾತ್ರ ನಿಂತರೆ ಆ ಎಳೆತವೇ ಕಾರಣ. ಗೀಸರ್‌ಗೂ ನಿಂತರೆ ಮೊದಲ ಅನುಮಾನ ಇಂಧನ ಮತ್ತು ಗಾಳಿಯ ಮೇಲೆ. 50 ಹರ್ಟ್ಸ್ ಉಳಿಸಿಕೊಳ್ಳಲು ಸಣ್ಣ ಪೆಟ್ರೋಲ್ ಯಂತ್ರಗಳು ಸಾಮಾನ್ಯವಾಗಿ ನಿಮಿಷಕ್ಕೆ 3000 ಸುತ್ತು ತಿರುಗಬೇಕು. ಲೋಡ್ ಬಿದ್ದಾಗ ಗವರ್ನರ್ ಹೆಚ್ಚು ಇಂಧನ ಕೇಳುತ್ತದೆ. ಕಟ್ಟಿದ ಫಿಲ್ಟರ್, ಹಳೆಯ ಪೆಟ್ರೋಲ್ ಅಂಟಿ ಕೂತ ಕಾರ್ಬುರೇಟರ್ ಅದನ್ನು ಕೊಡಲಾರವು. ನಮ್ಮ ಎರೆನೆಲದ ಧೂಳಂತೂ ಏರ್ ಫಿಲ್ಟರಿನಲ್ಲಿ ಮೆತ್ತಿಕೊಳ್ಳುತ್ತದೆ. ಕೆಲ ನಿಮಿಷ ಓಡಿ ಸಾಯುವ ಯಂತ್ರದ ಟ್ಯಾಂಕ್ ಮುಚ್ಚಳದ ಗಾಳಿತೂತನ್ನೂ ನೋಡಿ. ಎಂಜಿನ್ ಎಣ್ಣೆ ಕಡಿಮೆಯಾದರೆ ತಾನೇ ನಿಲ್ಲುವ ಮಾದರಿಗಳೂ ಇವೆ. ಎಂಜಿನ್ ಒಂದೇ ಸಮ ಓಡುತ್ತಿದ್ದು ದೀಪ ಮಂಕಾದರೆ ವೋಲ್ಟೇಜ್ ಕಾಯುವ ಎವಿಆರ್ ಅನ್ನು ಮೆಕ್ಯಾನಿಕ್‌ಗೆ ತೋರಿಸಿ.

ಈ ಪರೀಕ್ಷೆಗಳನ್ನು ಮುಚ್ಚಿದ ಶೆಡ್ಡಿನಲ್ಲಿ ಮಾಡಬೇಡಿ. ಹೊಗೆಯ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅವಸರಕ್ಕೆ ಜನರೇಟರ್ ವೈರನ್ನು ಗೋಡೆಯ ಪ್ಲಗ್ಗಿಗೂ ಚುಚ್ಚಬೇಡಿ. ಆ ಕರೆಂಟ್ ಹಿಂದಕ್ಕೆ ಹರಿದು ಟ್ರಾನ್ಸ್‌ಫಾರ್ಮರಿನಲ್ಲಿ 11,000 ವೋಲ್ಟ್‌ವರೆಗೂ ಏರಬಹುದು, ಕಂಬದ ಮೇಲೆ ಹೆಸ್ಕಾಂ ಲೈನ್‌ಮನ್ ಇರುತ್ತಾನೆ. ಚೇಂಜ್‌ಓವರ್ ಸ್ವಿಚ್ ಇಲ್ಲದ ಮನೆಯವರು ಮೊದಲು ಅದನ್ನು ಹಾಕಿಸಿಕೊಳ್ಳಿ.