ಸಕ್ಕರೆ ಕಾಯಿಲೆಯ ಮನೆಯಲ್ಲಿ ನಂಬಿಕೆ

ಹಬ್ಬದ ದಿನ ಮನೆಮಂದಿಯೆಲ್ಲ ಉಂಡು ಎದ್ದ ಮೇಲೆ, ಅಡುಗೆಮನೆಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ಹಿರಿಯರೊಬ್ಬರು ಡಬ್ಬಿಯ ಮುಚ್ಚಳ ತೆಗೆದು ನಿಂತಲ್ಲಿಯೇ ಒಂದು ಹೋಳಿಗೆ ತಿಂದು ಬಾಯೊರೆಸಿಕೊಳ್ಳುತ್ತಾರೆ. ಮಧುಮೇಹಿಗಳಿರುವ ಮನೆಗಳಿಗೆ ಈ ದೃಶ್ಯ ಹೊಸದೇನಲ್ಲ. ಮಕ್ಕಳನ್ನು ಓದಿಸಿ, ಮದುವೆ ಮಾಡಿ, ಮನೆ ಕಟ್ಟಿಸಿದವರು ತಮ್ಮದೇ ಮನೆಯಲ್ಲಿ ಕದ್ದು ತಿನ್ನುವ ಸ್ಥಿತಿಗೆ ಬಂದರೆಂದರೆ, ರಕ್ತದ ಸಕ್ಕರೆಯ ಜೊತೆಗೆ ಇನ್ನೂ ಒಂದು ಸಂಗತಿ ಅಲ್ಲಿ ಏರುಪೇರಾಗಿದೆ ಎಂದೇ ತಿಳಿಯಬೇಕು. ರೋಗಿಗೂ ಮನೆಯವರಿಗೂ ನಡುವೆ, ರೋಗಿಗೂ ಆತನ ಮನಸ್ಸಿಗೂ ನಡುವೆ ಇರಬೇಕಾದ ನಂಬಿಕೆಯೇ ಆ ಸಂಗತಿ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದ ದೇಶವ್ಯಾಪಿ ಸಮೀಕ್ಷೆಯ ಫಲಿತಾಂಶ 2023ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ನಮ್ಮ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಬಂಧುಬಳಗದಲ್ಲಿ ಒಬ್ಬರಿಗಾದರೂ ಈ ಕಾಯಿಲೆ ಇಲ್ಲದ ಕುಟುಂಬ ಇಂದು ಅಪರೂಪ. ಆ ಒಬ್ಬರ ಸುತ್ತ ಉಳಿದವರೆಲ್ಲ, ತಮಗರಿವಿಲ್ಲದೆಯೇ, ಕಾವಲುಗಾರರಾಗಿಬಿಡುತ್ತಾರೆ. ಮಗ ತಟ್ಟೆಯತ್ತ ನೋಡುತ್ತಾನೆ, ಹೆಂಡತಿ ಚಹಾದ ಸಕ್ಕರೆ ಎಣಿಸುತ್ತಾಳೆ, ಬೀಗರ ಮುಂದೆಯೇ "ಇವರಿಗೆ ಎಷ್ಟು ಹೇಳಿದರೂ ಅಷ್ಟೆ, ಬಾಯಿ ಕಟ್ಟಲು ಬರುವುದಿಲ್ಲ" ಎಂಬ ಮಾತು ಬರುತ್ತದೆ. ಈ ಮಾತಿನ ಹಿಂದೆ ಇರುವುದು ಪ್ರೀತಿ ಮತ್ತು ಭಯ, ಅದರಲ್ಲಿ ಸಂದೇಹವಿಲ್ಲ. ಆದರೆ ಕೇಳಿಸಿಕೊಂಡವರಿಗೆ ತಲುಪುವುದು ಅವಮಾನ. ಅವಮಾನಗೊಂಡವರು ತಿನ್ನುವುದನ್ನು ಬಿಡುವುದಕ್ಕಿಂತ ತೋರಿಸಿ ತಿನ್ನುವುದನ್ನು ಬಿಡುವುದೇ ಹೆಚ್ಚು.

ಈ ಮುಚ್ಚುಮರೆಯಿಂದ ಆಗುವ ಕೇಡು ಬರಿಯ ಮನಸ್ತಾಪದಲ್ಲಿ ಮುಗಿಯುವುದಿಲ್ಲ. ಸ್ವಲ್ಪ ವಿವರವಾಗಿ ನೋಡೋಣ. ವೈದ್ಯರು ಕೇಳಿದಾಗ ರೋಗಿ "ಎಲ್ಲ ಪಥ್ಯದಂತೆಯೇ ಇದ್ದೇನೆ" ಎನ್ನುತ್ತಾರೆ, ಏಕೆಂದರೆ ಪಕ್ಕದಲ್ಲಿ ಮಗ ಕುಳಿತಿರುತ್ತಾನೆ. ಪಥ್ಯವಿದ್ದೂ ಸಕ್ಕರೆ ಇಳಿದಿಲ್ಲವೆಂದರೆ ಔಷಧ ಸಾಲದಾಗಿದೆ ಎಂದು ವೈದ್ಯರು ಭಾವಿಸುವುದು ಸಹಜ. ಅವರು ಗ್ಲಿಮೆಪಿರೈಡ್‌ನಂಥ ಮಾತ್ರೆಯ ಅಥವಾ ಇನ್ಸುಲಿನ್ನಿನ ಪ್ರಮಾಣ ಹೆಚ್ಚಿಸುತ್ತಾರೆ. ಹೀಗೆ, ಕದ್ದು ತಿಂದ ದಿನಗಳ ಲೆಕ್ಕಕ್ಕೆ ತಕ್ಕಂತೆ ಔಷಧ ನಿಗದಿಯಾಗುತ್ತದೆ. ಮುಂದೆ ಶಿವರಾತ್ರಿ ಬರುತ್ತದೆ, ಅಥವಾ ಶ್ರಾವಣದ ಸೋಮವಾರ. ಅದೇ ರೋಗಿ ಶ್ರದ್ಧೆಯಿಂದ ಉಪವಾಸ ಮಾಡಿ, ಮಾತ್ರೆಯನ್ನು ಮಾತ್ರ ಎಂದಿನಂತೆ ನುಂಗುತ್ತಾರೆ. ಸಕ್ಕರೆ 70ಕ್ಕಿಂತ ಕೆಳಗಿಳಿಯುತ್ತದೆ. ಬೆವರು, ನಡುಕ, ಎದೆಬಡಿತ, ಕಣ್ಣು ಮಂಜಾಗುವುದು, ಮಾತು ತಡವರಿಸುವುದು. ಒಬ್ಬರೇ ಇದ್ದ ಹೊತ್ತಿನಲ್ಲಿ ಹೀಗಾದರೆ ಪ್ರಾಣಕ್ಕೇ ಸಂಚಕಾರ. ಒಂದು ಹೋಳಿಗೆಯ ಸತ್ಯವನ್ನು ಹೇಳಲಾಗದ ವಾತಾವರಣ ಮನುಷ್ಯನನ್ನು ಎಲ್ಲಿಗೆ ತಂದು ನಿಲ್ಲಿಸಬಲ್ಲದು ನೋಡಿ!

ಪರೀಕ್ಷೆಗೆ ಎರಡು ದಿನ ಮುಂಚೆ ಅನ್ನ ಬಿಟ್ಟು, ಬೆಳಿಗ್ಗೆ ಸಂಜೆ ನಡೆದು, ಖಾಲಿ ಹೊಟ್ಟೆಯ ಸಕ್ಕರೆಯನ್ನು ತಗ್ಗಿಸಿಕೊಂಡು ಹೋಗುವವರೂ ಇದ್ದಾರೆ. ಕಳೆದ ಎರಡು ಮೂರು ತಿಂಗಳ ಸರಾಸರಿಯನ್ನು ಹೇಳುವ ಎಚ್‌ಬಿಎ1ಸಿ ಪರೀಕ್ಷೆಯ ಮುಂದೆ ಈ ಉಪಾಯ ನಡೆಯದು. ಆದರೆ ಶಾಲೆಯ ಅಂಕಪಟ್ಟಿಗೆ ಹೆದರುವ ಮಗುವಿನಂತೆ ಹಿರಿಯರೊಬ್ಬರು ಪ್ರಯೋಗಾಲಯದ ವರದಿಗೆ ಏಕೆ ಹೆದರಬೇಕು? ಆ ಅಂಕಿ ಆತನ ನಡತೆಯ ತೀರ್ಪು ಅಲ್ಲವಲ್ಲ. ನೆಗಡಿ ಜ್ವರ ಬಂದರೂ ಸಕ್ಕರೆ ಏರುತ್ತದೆ, ನಿದ್ದೆ ಕೆಟ್ಟರೂ ಏರುತ್ತದೆ, ಸ್ಟೀರಾಯ್ಡ್ ಔಷಧ ತೆಗೆದುಕೊಂಡರೂ ಏರುತ್ತದೆ. ಚಿಂತೆ, ಸಿಟ್ಟುಗಳಲ್ಲಿ ಸ್ರವಿಸುವ ಅಡ್ರಿನಲಿನ್, ಕಾರ್ಟಿಸೋಲ್‌ಗಳೂ ಏರಿಸುತ್ತವೆ. ಇದಲ್ಲದೆ, ಬ್ರಿಟನ್ನಿನಲ್ಲಿ ವರ್ಷಾನುಗಟ್ಟಲೆ ನಡೆದು 1998ರಲ್ಲಿ ಮುಖ್ಯ ಫಲಿತಾಂಶಗಳನ್ನು ಪ್ರಕಟಿಸಿದ ದೊಡ್ಡ ಅಧ್ಯಯನವೊಂದು ತೋರಿಸಿದಂತೆ, ಎರಡನೆಯ ವಿಧದ ಮಧುಮೇಹವು ಕಾಲ ಸರಿದಂತೆ ಬಲಿಯುತ್ತ ಹೋಗುವ ಕಾಯಿಲೆ. ಇನ್ಸುಲಿನ್ ತಯಾರಿಸುವ ಜೀವಕೋಶಗಳ ಶಕ್ತಿ ವರ್ಷದಿಂದ ವರ್ಷಕ್ಕೆ ಕುಂದುತ್ತದೆ. ಆದ್ದರಿಂದ ಹತ್ತು ವರ್ಷ ಮಾತ್ರೆಯಲ್ಲಿದ್ದವರಿಗೆ ಇನ್ಸುಲಿನ್ ಬರೆದುಕೊಟ್ಟರೆ ಅದನ್ನು ಶಿಕ್ಷೆಯೆಂದೋ ಸೋಲೆಂದೋ ತಿಳಿಯುವುದು ತಪ್ಪು. "ನೀವು ಹೀಗೇ ಮಾಡಿದರೆ ಸೂಜಿ ಚುಚ್ಚಬೇಕಾಗುತ್ತದೆ" ಎಂದು ಹೆದರಿಸುವ ಕೆಲವು ವೈದ್ಯರದೂ ಈ ತಪ್ಪು ತಿಳಿವಳಿಕೆಯಲ್ಲಿ ಪಾಲಿದೆ ಎನ್ನದೆ ವಿಧಿಯಿಲ್ಲ.

ಹೊರಗಿನವರ ಬೈಗುಳ ನಿಂತರೂ ಒಳಗಿನ ಬೈಗುಳ ನಿಲ್ಲುವುದಿಲ್ಲ. ಒಂದು ಮದುವೆಯಲ್ಲಿ ಎರಡು ಲಾಡು ತಿಂದವರು "ನನ್ನಿಂದ ಏನೂ ಆಗದು, ಹೇಗೂ ಕೆಟ್ಟಿತು" ಎಂದುಕೊಂಡು ರಾತ್ರಿಯ ನಡಿಗೆಯನ್ನೂ ಮಾತ್ರೆಯನ್ನೂ ಬಿಟ್ಟುಬಿಡುತ್ತಾರೆ. ಲಾಡು ಮಾಡಿದ ಹಾನಿಗಿಂತ ಈ ಹತಾಶೆ ಮಾಡುವ ಹಾನಿ ದೊಡ್ಡದು. ನ್ಯೂಜಿಲೆಂಡಿನ ಆಕ್ಲೆಂಡ್‌ನಲ್ಲಿ 63 ಮಂದಿ ಮಧುಮೇಹಿಗಳ ಮೇಲೆ ನಡೆದ ಒಂದು ಪ್ರಯೋಗ 2016ರಲ್ಲಿ ಪ್ರಕಟವಾಗಿದೆ. ಅವರಲ್ಲಿ ಒಂದು ಗುಂಪಿನವರಿಗೆ 8 ವಾರಗಳ ಕಾಲ ಕಲಿಸಿದ್ದು ಹೊಸ ಪಥ್ಯವನ್ನಲ್ಲ. ಕಷ್ಟದಲ್ಲಿರುವ ಸ್ನೇಹಿತನೊಡನೆ ಮಾತನಾಡುವಷ್ಟೇ ಮೃದುವಾಗಿ ತಮ್ಮೊಡನೆ ತಾವು ಮಾತನಾಡಿಕೊಳ್ಳುವುದನ್ನು. ತರಬೇತಿ ಮುಗಿದು ಮೂರು ತಿಂಗಳಾದ ಮೇಲೆ ನೋಡಿದಾಗ ಅವರ ಖಿನ್ನತೆ, ಬೇಗುದಿಗಳು ತಗ್ಗಿದ್ದವು. ಎಚ್‌ಬಿಎ1ಸಿ ಕೂಡ ಸುಮಾರು ಒಂದು ಅಂಶದಷ್ಟು ಇಳಿದಿತ್ತು. ಪ್ರಯೋಗ ಚಿಕ್ಕದು, ಇದೊಂದರಿಂದಲೇ ಎಲ್ಲವೂ ಸಿದ್ಧವಾಯಿತೆನ್ನುವಂತಿಲ್ಲ. ಆದರೂ ತನ್ನ ಮೇಲೆ ಕನಿಕರ ತೋರಿದರೆ ಶಿಸ್ತು ಸಡಿಲವಾಗುತ್ತದೆ ಎಂಬ ನಮ್ಮ ಹಿರಿಯರ ಶಂಕೆಗೆ ಇಲ್ಲಿ ಒಂದು ಉತ್ತರವಿದೆ. ತನ್ನನ್ನು ಹಳಿದುಕೊಳ್ಳುವವನು ಗ್ಲುಕೋಮೀಟರನ್ನು ಕಪಾಟಿನಲ್ಲಿ ಬಚ್ಚಿಡುತ್ತಾನೆ; ಹಳಿದುಕೊಳ್ಳದವನು ಅದನ್ನು ಹೊರಗೆ ತೆಗೆದು ನೋಡುವ ಧೈರ್ಯ ಮಾಡುತ್ತಾನೆ.

ಮನೆಯ ಹೆಣ್ಣುಮಕ್ಕಳ ವಿಷಯ ಇನ್ನೂ ಸೂಕ್ಷ್ಮ. ಮಾತ್ರೆ ನುಂಗಿ, ಎಲ್ಲರಿಗೂ ರೊಟ್ಟಿ ಬಡಿದು ಹಾಕಿ, ಕೊನೆಯಲ್ಲಿ ತಾನು ಉಣ್ಣಲು ಕೂರುವ ತಾಯಿಗೆ ಮಧ್ಯಾಹ್ನ ಎರಡೂವರೆಗೆ ಕೈ ನಡುಗುವುದನ್ನು ಯಾರೂ ಗಮನಿಸುವುದಿಲ್ಲ; ಆಕೆ ಹೇಳುವುದೂ ಇಲ್ಲ. ಗಂಡನ ಪಥ್ಯಕ್ಕೆ ಬೇರೆ ಅಡುಗೆ ಮಾಡುವಾಕೆ ತನ್ನ ಪಥ್ಯಕ್ಕೆ ಮಾಡಿಕೊಳ್ಳುವುದಿಲ್ಲ. ಮೊದಲನೆಯ ವಿಧದ ಮಧುಮೇಹವಿರುವ ಎಳೆಯ ಹುಡುಗಿಯರ ಇನ್ಸುಲಿನ್ನನ್ನಂತೂ ವರನ ಕಡೆಯವರಿಂದ ಮುಚ್ಚಿಡುವುದುಂಟು. ಮದುವೆಯಾದ ಮೇಲೆ ಬಚ್ಚಲುಮನೆಯಲ್ಲಿ ಕದವಿಕ್ಕಿಕೊಂಡು ಚುಚ್ಚಿಕೊಳ್ಳಬೇಕಾದ ಸೊಸೆ ಒಂದು ದಿನ ತಪ್ಪಿಸಿದರೆ ಆಕೆಯ ಜೀವಕ್ಕೇ ಅಪಾಯ. ಮಾತುಕತೆಯ ಹೊತ್ತಿನಲ್ಲೇ ನಿಜ ಹೇಳುವ ತಂದೆತಾಯಿಗಳೂ, ಕೇಳಿ ಒಪ್ಪುವ ಬೀಗರೂ ನಮ್ಮ ಸಮಾಜದಲ್ಲಿ ಹೆಚ್ಚಬೇಕಾಗಿದೆ.

ಹಾಗಾದರೆ ಮನೆಯವರು ಸುಮ್ಮನೆ ನೋಡುತ್ತಿರಬೇಕೇ? ಬೇಡ. ಕೇಳುವ ರೀತಿ ಬದಲಾಗಲಿ. "ಮತ್ತೆ ಸಿಹಿ ತಿಂದಿರಾ?" ಎಂಬುದು ಪೊಲೀಸರ ಪ್ರಶ್ನೆ, ಅದಕ್ಕೆ "ಇಲ್ಲ" ಎಂಬ ಒಂದೇ ಉತ್ತರ ಸಿಗುತ್ತದೆ. "ಅವ್ವಾ, ಈ ವಾರ ಸಕ್ಕರೆ ಏರಿದೆ, ನಿನಗೆ ಯಾವುದು ಕಷ್ಟವಾಗುತ್ತಿದೆ?" ಎಂದು ಮಗಳು ಕೇಳಿದರೆ, ಸಂಜೆ ಐದಕ್ಕೆ ಹಸಿವು ತಡೆಯಲಾಗುತ್ತಿಲ್ಲ ಎಂಬ ನಿಜ ಹೊರಬರಬಹುದು, ಒಂದು ಹಿಡಿ ಹುರಿಗಡಲೆಯಿಂದ ಆ ಹಸಿವು ನೀಗಲೂಬಹುದು. ಹಬ್ಬದಲ್ಲಿ ಎಲ್ಲರ ಎದುರಿಗೇ ಅರ್ಧ ಹೋಳಿಗೆ ಬಡಿಸಿ, ಅಷ್ಟರಮಟ್ಟಿಗೆ ಅನ್ನ ಕಡಿಮೆ ಮಾಡಿದರೆ, ಡಬ್ಬಿಯ ಮುಚ್ಚಳವನ್ನು ಗುಟ್ಟಾಗಿ ತೆಗೆಯುವ ಪ್ರಮೇಯವೇ ಬಾರದು. ದಾಸೋಹದ ಪಂಕ್ತಿಯಲ್ಲಿ ಹುಗ್ಗಿ ಬಡಿಸುವ ಭಕ್ತರಲ್ಲಿಯೂ ಒಂದು ವಿನಂತಿ: ಒಂದು ಚಮಚ ಸಾಕೆಂದು ಕೈ ಅಡ್ಡ ಹಿಡಿದವರಿಗೆ ಒಂದೇ ಚಮಚ ಬಡಿಸಿ. ಪ್ರಸಾದದ ಗೌರವಕ್ಕೆ ಅದರಿಂದ ಕುಂದಿಲ್ಲ.

ಉಪವಾಸ ಹಿಡಿಯಬೇಕೆಂದಿರುವ ಮಧುಮೇಹಿಗಳು ಕನಿಷ್ಠ ಒಂದು ವಾರ ಮೊದಲೇ ವೈದ್ಯರನ್ನು ಕಂಡು, ತಿಂದದ್ದನ್ನೂ ಬಿಟ್ಟದ್ದನ್ನೂ ಇದ್ದಂತೆಯೇ ಹೇಳಿ, ಆ ದಿನದ ಔಷಧದ ಪ್ರಮಾಣವನ್ನು ಬರೆಸಿಕೊಳ್ಳಬೇಕು. ಮನೆಯವರ ಎದುರು ಹೇಳಲು ಸಂಕೋಚವಾದರೆ ಎರಡು ನಿಮಿಷ ಒಬ್ಬರೇ ಮಾತನಾಡಲು ಕೇಳಿಕೊಳ್ಳಬಹುದು. ಬಹುಪಾಲು ವೈದ್ಯರು ಇದಕ್ಕೆ ಬೇಡವೆನ್ನಲಾರರು. ಕಾಯಿಲೆಯ ಭಾರದಿಂದ ಮನಸ್ಸು ಕುಗ್ಗಿ ಎರಡು ವಾರ ಕಳೆದರೂ ಉತ್ಸಾಹ ಮರಳದಿದ್ದರೆ, ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಕರೆ ಉಚಿತ, ಕನ್ನಡದಲ್ಲಿಯೇ ಮಾತನಾಡುತ್ತಾರೆ.