ಅರ್ಧ ನಾಗರತ್ನಮ್ಮ ಸಾಕೆ?

ದಸರಾ ಬಂತೆಂದರೆ ಮೈಸೂರಿಗೆ ತನ್ನ ಸಂಗೀತ ಪರಂಪರೆಯ ನೆನಪಾಗುತ್ತದೆ. ವೀಣೆ ಶೇಷಣ್ಣ, ವಾಸುದೇವಾಚಾರ್ಯರ ಹೆಸರುಗಳು ಭಾಷಣಗಳಲ್ಲಿ ಬರುತ್ತವೆ. 1878ರಲ್ಲಿ ನಂಜನಗೂಡಿನಲ್ಲಿ ದೇವದಾಸಿ ಪುಟ್ಟಲಕ್ಷ್ಮಿಯವರ ಮಗಳಾಗಿ ಹುಟ್ಟಿ, ಇದೇ ಮೈಸೂರಿನಲ್ಲಿ ಬಾಲ್ಯ ಕಳೆದು ವಿದ್ಯೆ ಕಲಿತ ಬೆಂಗಳೂರು ನಾಗರತ್ನಮ್ಮನವರ ಹೆಸರು ಬಂದರೂ ಅರ್ಧ ಮಾತ್ರ ಬರುತ್ತದೆ. ತಿರುವಯ್ಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ತಮ್ಮ ಗಳಿಕೆಯಿಂದ ಗುಡಿ ಕಟ್ಟಿಸಿದ ಭಕ್ತೆ ಎಂದು ಕೈಮುಗಿದು ಸುಮ್ಮನಾಗುತ್ತೇವೆ. ಅಲ್ಲಿನ ಆರಾಧನೆಯಲ್ಲಿ ಹೆಂಗಸರು ಹಾಡುವಂತಿಲ್ಲ ಎಂದಾಗ ಹೆಣ್ಣುಮಕ್ಕಳದೇ ಗುಂಪು ಕಟ್ಟಿ ಹಾಡಿಸಿದ ಛಲಗಾತಿ ಈ ಭಕ್ತೆಯೇ ಎಂಬುದನ್ನು ಮರೆಯುತ್ತೇವೆ.

ಸಂಪಾದಕಿ ನಾಗರತ್ನಮ್ಮನಂತೂ ಯಾರಿಗೂ ಬೇಡ. ಹದಿನೆಂಟನೇ ಶತಮಾನದಲ್ಲಿ ತಂಜಾವೂರಿನ ಪ್ರತಾಪಸಿಂಹನ ಆಸ್ಥಾನದಲ್ಲಿದ್ದ ಗಣಿಕೆ ಮುದ್ದುಪಳನಿ ತೆಲುಗಿನಲ್ಲಿ 'ರಾಧಿಕಾ ಸಾಂತ್ವನಮು' ಎಂಬ ಶೃಂಗಾರ ಕಾವ್ಯ ಬರೆದಳು. ಹಿಂದಿನ ಮುದ್ರಣದಲ್ಲಿ ಕವಯಿತ್ರಿಯ ವಂಶದ ವಿವರಕ್ಕೂ ಕೆಲವು ಪದ್ಯಗಳಿಗೂ ಕತ್ತರಿ ಬಿದ್ದಿತ್ತು. ಹಸ್ತಪ್ರತಿ ಹುಡುಕಿ, 1910ರಲ್ಲಿ ಮದರಾಸಿನ ವಾವಿಳ್ಳ ಪ್ರಕಾಶನದಿಂದ ಕಾವ್ಯವನ್ನು ಇಡಿಯಾಗಿ ಅಚ್ಚು ಹಾಕಿಸಿದವರು ನಾಗರತ್ನಮ್ಮ. ಸಮಾಜ ಸುಧಾರಕ ಕಂದುಕೂರಿ ವೀರೇಶಲಿಂಗಂ ಇದನ್ನು ಹೆಣ್ಣು ಬರೆಯಬಾರದ ಅಶ್ಲೀಲವೆಂದು ಜರೆದಿದ್ದರು. ಗಂಡಸರ ಶೃಂಗಾರಕ್ಕೆ ಇಲ್ಲದ ನಾಚಿಕೆ ಹೆಂಗಸರಿಗೆ ಮಾತ್ರ ಏಕೆ ಎಂದು ನಾಗರತ್ನಮ್ಮ ಕೇಳಿದರು. ಉತ್ತರ ಬರಲಿಲ್ಲ, ಬ್ರಿಟಿಷ್ ಸರ್ಕಾರದ ನಿಷೇಧ ಬಂತು. ಅದು ತೆರವಾದದ್ದು 1947ರಲ್ಲಿ, ಟಿ. ಪ್ರಕಾಶಂ ಅವರ ಮಧ್ಯಪ್ರವೇಶದಿಂದ.

ದೇವದಾಸಿ ಪದ್ಧತಿಯನ್ನು ಹೊಗಳುತ್ತೀರಾ ಎಂದು ಕೆಲವರು ಕೇಳಬಹುದು. ಇಲ್ಲ. ಹೆಣ್ಣನ್ನು ಉಳ್ಳವರ ಸ್ವತ್ತಾಗಿಸಿದ ಪದ್ಧತಿ ಹೋದದ್ದು ಒಳ್ಳೆಯದೇ ಆಯಿತು. ಆದರೆ ಪದ್ಧತಿಯ ಜೊತೆಗೆ ಆ ಹೆಣ್ಣುಮಕ್ಕಳ ವಿದ್ವತ್ತನ್ನೂ ಹೂತುಹಾಕುವುದು ಸುಧಾರಣೆಯಲ್ಲ. ಅವರನ್ನು ಇಟ್ಟುಕೊಂಡಿದ್ದ ಗಣ್ಯರ ಮರ್ಯಾದೆಗೆ ಇಂದಿಗೂ ಧಕ್ಕೆಯಿಲ್ಲ. ಕಳಂಕವೆಲ್ಲ ಹೆಣ್ಣಿನ ಪಾಲಿಗೆ. ಇದ್ಯಾವ ನ್ಯಾಯ?

ನಮ್ಮ ಮುಸ್ಲಿಂ ಸಮಾಜವೂ ಇದರಲ್ಲಿ ಹಿಂದೆ ಬಿದ್ದಿಲ್ಲ. ಹೈದರಾಬಾದಿನ ಮಹ್‌ಲಕಾ ಬಾಯಿ ಚಂದಾ (1768–1824) ಉರ್ದು ಗಜಲುಗಳ ದಿವಾನ್ ಬಿಟ್ಟುಹೋದ ಕವಯಿತ್ರಿ. ಮುಶಾಯಿರಾಗಳಲ್ಲಿ ವಾಹ್ ವಾಹ್ ಎನ್ನುವ ನಾವೇ 'ತವಾಯಫ್' ಎಂಬ ಪದ ಕಿವಿಗೆ ಬಿದ್ದೊಡನೆ ಮುಖ ತಿರುಗಿಸುತ್ತೇವೆ. ಗಜಲ್ ಬೇಕು, ಅದನ್ನು ಬರೆದು ಹಾಡಿದವಳು ಬೇಡ!

ನಾಗರತ್ನಮ್ಮ 1952ರಲ್ಲಿ ತೀರಿಕೊಂಡರು. ದಸರಾ ವೇದಿಕೆಗಳಲ್ಲಿ ಅವರ ಹೆಸರು ಹೇಳುವವರು ಅವರ ಹುಟ್ಟು, ಅವರ ಪುಸ್ತಕ, ಅವರ ಜಗಳ ಎಲ್ಲವನ್ನೂ ಹೇಳಲಿ. ಮುದ್ದುಪಳನಿಯನ್ನು ಕತ್ತರಿಸಲು ಒಪ್ಪದ ಹೆಣ್ಣನ್ನು ನಾವು ಕತ್ತರಿಸಿ ಗೌರವಿಸುವುದು ಗೌರವವಲ್ಲ, ಅವಮಾನ.