ತಲೆ ಗಟ್ಟಿಯಿದೆಯೆಂದು ಬಂಡೆಗೆ ಹಾಯಬೇಕೇ?

ಚಳಿಗಾಲ ಬಂತೆಂದರೆ ಮುಂಬಯಿಯ ನಮ್ಮ ಕನ್ನಡ ಸಂಘಗಳಿಗೆ ಕ್ರೀಡಾಕೂಟದ ಹುರುಪು. ಮಹಿಳೆಯರಿಗೆ ಸಂಗೀತ ಕುರ್ಚಿ, ಮಕ್ಕಳಿಗೆ ನಿಂಬೆ-ಚಮಚ, ತರುಣರಿಗೆ ಕಬಡ್ಡಿ. ಈ ಸಲದ ಸುತ್ತೋಲೆಯೂ ಕೈಸೇರಿದೆ. ಪ್ರವೇಶ ಶುಲ್ಕ, ಮುಖ್ಯ ಅತಿಥಿಗಳ ಹೆಸರು, ಮಧ್ಯಾಹ್ನದ ಊಟದ ಏರ್ಪಾಡು ಎಲ್ಲವೂ ಅದರಲ್ಲಿ ಇವೆ. ಆಡುವ ಹುಡುಗನ ತಲೆಗೆ ಪೆಟ್ಟು ಬಿದ್ದರೆ ಏನು ಮಾಡತಕ್ಕದ್ದು ಎಂಬ ಒಂದು ಸಾಲು ಮಾತ್ರ ಇಲ್ಲ. ಆ ಸಾಲಿಗಾಗಿಯೇ ಈ ಬರಹ.

ಎರಡು ವರ್ಷಗಳ ಹಿಂದೆ ಒಂದು ಉಪನಗರದ ಮೈದಾನದಲ್ಲಿ ನಡೆದ ಪಂದ್ಯ. ಹತ್ತನೆಯ ತರಗತಿ ಓದುತ್ತಿದ್ದ ನಮ್ಮ ಅಕ್ಕನ ಮಗ ದಾಳಿಗೆ ಹೋದ. ಮೂವರು ಹಿಡಿದು ಕೆಡವಿದರು. ಒಬ್ಬನ ಮೊಣಕಾಲು ಅವನ ಕಿವಿಯ ಮೇಲ್ಭಾಗಕ್ಕೆ ಬಡಿಯಿತು. ಎದ್ದವನು ತನ್ನ ಕಡೆಗೆ ಬರುವ ಬದಲು ಎದುರಾಳಿಗಳ ಸಾಲಿನಲ್ಲಿ ಹೋಗಿ ನಿಂತ. ನೆರೆದವರೆಲ್ಲ ನಕ್ಕರು. ರಕ್ತ ಬಂದಿರಲಿಲ್ಲವಾದ್ದರಿಂದ ಏನೂ ಆಗಿಲ್ಲವೆಂದು ತೀರ್ಮಾನವಾಯಿತು. ತಲೆಗೆ ನೀರು ಸುರಿದು, ಬೆನ್ನು ತಟ್ಟಿ, ಐದೇ ನಿಮಿಷದಲ್ಲಿ ಮತ್ತೆ ಅಂಕಣಕ್ಕೆ ಕಳುಹಿಸಿದ್ದಾಯಿತು. ನೀರು ಸುರಿದವರು ಬೇರೆ ಯಾರೂ ಅಲ್ಲ, ಬಿಎಸ್ಸಿ ಓದಿದ ನಾವೇ!

ಕಪ್ ಬಂತು, ಫೋಟೋ ತೆಗೆಸಿಕೊಂಡೆವು. ರಾತ್ರಿ ಹುಡುಗ ವಾಂತಿ ಮಾಡಿದ. ‘ಮಾಮಾ, ಗೆದ್ದವರು ಯಾರು?’ ಎಂದು ಮೂರು ಸಲ ಕೇಳಿದ. ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿಸಿದರೆ ಎಲ್ಲವೂ ಸರಿಯಾಗಿಯೇ ಇತ್ತು. ಆದರೂ ಒಂದು ತಿಂಗಳು ಪುಸ್ತಕ ಹಿಡಿದರೆ ತಲೆನೋವು, ಬೆಳಕು ಕಂಡರೆ ಕಿರಿಕಿರಿ. ಬೋರ್ಡ್ ಪರೀಕ್ಷೆ ಬಾಗಿಲಿಗೆ ಬಂದು ನಿಂತಿತ್ತು. ಅಕ್ಕ ನಮ್ಮನ್ನು ಒಂದು ಮಾತೂ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಹುಡುಗ ಗುಣವಾದ. ಅದರಲ್ಲಿ ನಮ್ಮ ಬುದ್ಧಿವಂತಿಕೆಯ ಪಾಲು ಏನೂ ಇಲ್ಲ.

ತಲೆಯೊಳಗೆ ಆಗುವುದೇನು? ಮಿದುಳು ಸುಮಾರು 1.4 ಕಿಲೋ ತೂಕದ, ಬಹಳ ಮೆದುವಾದ ಅಂಗ. ಬುರುಡೆಯೊಳಗೆ ದ್ರವದಲ್ಲಿ ತೇಲುತ್ತಿರುತ್ತದೆ. ವಿರಾರ್ ಲೋಕಲ್ ಹಠಾತ್ತನೆ ಬ್ರೇಕ್ ಹಾಕಿದರೆ ಗಾಡಿಯ ಹೊರಮೈಗೆ ಒಂದು ಗೀರೂ ಬೀಳುವುದಿಲ್ಲ. ಒಳಗಿನ ಜನ ಮಾತ್ರ ಒಬ್ಬರ ಮೇಲೊಬ್ಬರು ಬೀಳುತ್ತಾರೆ. ಪೆಟ್ಟು ಬಿದ್ದ ತಲೆಯ ಕತೆಯೂ ಇದೇ. ಬುರುಡೆ ನಿಂತರೂ ಮಿದುಳು ನಿಲ್ಲುವುದಿಲ್ಲ. ತಿರುಚಿಕೊಳ್ಳುತ್ತದೆ, ನರತಂತುಗಳು ಎಳೆದಂತಾಗುತ್ತವೆ. ವೈದ್ಯರು ಇದನ್ನು ಕನ್‌ಕಶನ್ ಎನ್ನುತ್ತಾರೆ. ಇದಕ್ಕೆ ಪ್ರಜ್ಞೆ ತಪ್ಪಲೇಬೇಕೆಂದಿಲ್ಲ. ಸಾಮಾನ್ಯ ಸ್ಕ್ಯಾನ್‌ನಲ್ಲಿ ಇದು ಕಾಣಿಸುವುದೂ ಇಲ್ಲ. ಹೆಲ್ಮೆಟ್ ಬುರುಡೆ ಒಡೆಯುವುದನ್ನು ತಡೆದೀತು, ಒಳಗಿನ ಮುಗ್ಗರಿಕೆಯನ್ನು ಪೂರ್ತಿ ತಡೆಯಲಾರದು. ಮೊದಲ ಪೆಟ್ಟು ಮಾಯುವ ಮುನ್ನ ಎರಡನೆಯದು ಬಿದ್ದರೆ ಮಿದುಳು ಬಾತು ಪ್ರಾಣಕ್ಕೇ ಸಂಚಕಾರ ಬರುವುದುಂಟು. ಅಪರೂಪವಾದರೂ ಬಲಿಯಾಗುವವರು ಹೆಚ್ಚಾಗಿ ಎಳೆಯರೇ.

ಇದು ನಿನ್ನೆ ಮೊನ್ನೆ ಗೊತ್ತಾದ ವಿಷಯವಲ್ಲ. ಮುಷ್ಟಿಯುದ್ಧದ ಪಟುಗಳು ವರ್ಷಗಳ ಹೊಡೆತದ ನಂತರ ಕುಡಿದವರಂತೆ ತೂರಾಡುವುದನ್ನು ಡಾ. ಹ್ಯಾರಿಸನ್ ಮಾರ್ಟ್‌ಲ್ಯಾಂಡ್ 1928ರಲ್ಲೇ ಬರೆದಿಟ್ಟರು. 2002ರಲ್ಲಿ ತೀರಿಕೊಂಡ ಅಮೆರಿಕನ್ ಫುಟ್‌ಬಾಲ್ ಆಟಗಾರ ಮೈಕ್ ವೆಬ್‌ಸ್ಟರ್ ಅವರ ಮಿದುಳಿನಲ್ಲಿ ‘ಟಾವ್’ ಎಂಬ ಪ್ರೋಟೀನು ಗಂಟುಗಟ್ಟಿದ್ದುದನ್ನು ಡಾ. ಬೆನೆಟ್ ಒಮಾಲು ಕಂಡರು. 2005ರಲ್ಲಿ ಅದನ್ನು ಪ್ರಕಟಿಸಿದಾಗ ಲೀಗಿನ ವೈದ್ಯರು ಲೇಖನವನ್ನೇ ಹಿಂತೆಗೆದುಕೊಳ್ಳಬೇಕೆಂದರು! ಸತ್ಯ ನುಂಗಲಾಗದ್ದು ಎಲ್ಲ ದೇಶಗಳಲ್ಲೂ ಒಂದೇ. 2019ರಲ್ಲಿ ಗ್ಲಾಸ್ಗೋದ ಸಂಶೋಧಕರು ಸ್ಕಾಟ್ಲೆಂಡಿನ ಮಾಜಿ ವೃತ್ತಿಪರ ಫುಟ್‌ಬಾಲ್ ಆಟಗಾರರ ದಾಖಲೆ ನೋಡಿದಾಗ, ಮಿದುಳು ಸವೆಯುವ ಕಾಯಿಲೆಗಳಿಂದ ಅವರು ಸಾಯುವ ಪ್ರಮಾಣ ಇತರರಿಗಿಂತ ಸುಮಾರು 3.5 ಪಟ್ಟು ಹೆಚ್ಚಿತ್ತು. ಅಮೆರಿಕದ ಫುಟ್‌ಬಾಲ್ ಸಂಸ್ಥೆ 2015ರಲ್ಲೇ, 10 ವರ್ಷ ಮತ್ತು ಅದಕ್ಕೂ ಕಿರಿಯ ಮಕ್ಕಳು ತಲೆಯಿಂದ ಚೆಂಡು ಹೊಡೆಯಕೂಡದೆಂದು ವಿಧಿಸಿತು.

‘ಅದೆಲ್ಲ ಪರದೇಶದ ಕತೆ ಮಾರಾಯರೇ’ ಎನ್ನುವವರಿಗೆ ನಮ್ಮ ಊರಿನದೇ ಕತೆ ಹೇಳುತ್ತೇವೆ. ಭಾರತ ತಂಡದ ನಾಯಕ, ಮುಂಬಯಿ ನಿವಾಸಿ ನಾರಿ ಕಾಂಟ್ರಾಕ್ಟರ್ ಅವರಿಗೆ 1962ರಲ್ಲಿ ಬಾರ್ಬಡೋಸಿನಲ್ಲಿ ಚಾರ್ಲಿ ಗ್ರಿಫಿತ್ ಎಸೆದ ಚೆಂಡು ತಲೆಗೆ ಬಡಿಯಿತು. ಜೀವ ಉಳಿಯಿತು, ಟೆಸ್ಟ್ ಆಟ 28ನೆಯ ವಯಸ್ಸಿಗೇ ಮುಗಿಯಿತು. ಅವರ ತಲೆಯೊಳಗಿನ ಲೋಹದ ತಗಡನ್ನು ತೆಗೆದದ್ದು 60 ವರ್ಷಗಳ ನಂತರ, 2022ರಲ್ಲಿ, ಇದೇ ಮುಂಬಯಿಯಲ್ಲಿ. ಅದೇ 2022ರ ಜುಲೈಯಲ್ಲಿ ಬೆಂಗಳೂರಿನ ಕಿಕ್‌ಬಾಕ್ಸಿಂಗ್ ಪಂದ್ಯದಲ್ಲಿ ಮೈಸೂರಿನ 23 ವರ್ಷದ ತರುಣನೊಬ್ಬ ಪೆಟ್ಟು ತಿಂದು ಕುಸಿದ. ಕೆಲವೇ ದಿನಗಳಲ್ಲಿ ತೀರಿಕೊಂಡ. ಸ್ಥಳದಲ್ಲಿ ವೈದ್ಯಕೀಯ ಏರ್ಪಾಡು ಇರಲಿಲ್ಲವೆಂದು ತಂದೆ ದೂರಿದರು. ಮಗ ಹೋದ ಮೇಲೆ ದೂರು ಯಾರಿಗೆ ಬೇಕು?

ಗೋವಿಂದಾ ಹಬ್ಬದಲ್ಲಿ ಹುಡುಗರು ಬಿದ್ದರೆ ಪತ್ರಿಕೆಗಳು ಬರೆಯುತ್ತವೆ. ಬಾಂಬೆ ಹೈಕೋರ್ಟು 2014ರಲ್ಲಿ ಆ ಮಾನವ ಗೋಪುರಕ್ಕೆ 20 ಅಡಿಯ ಮಿತಿ ಹಾಕಿತ್ತು. 2017ರಲ್ಲಿ ಅದು ಸಡಿಲವಾದದ್ದು ಬೇರೆ ಮಾತು. ಗಲ್ಲಿ ಗಲ್ಲಿಯ ಕಬಡ್ಡಿ ಅಂಕಣದಲ್ಲಿ ವರ್ಷವಿಡೀ ಬೀಳುವ ಹುಡುಗರ ಲೆಕ್ಕ ಇಡುವವರು ಯಾರು?

2014ರಲ್ಲಿ ಪ್ರೊ ಕಬಡ್ಡಿ ನಮ್ಮ ಮುಂಬಯಿಯಲ್ಲೇ ಆರಂಭವಾಯಿತು. ಟಿವಿಯಲ್ಲಿ ಮೆತ್ತನೆಯ ಮ್ಯಾಟು, ಪಕ್ಕದಲ್ಲೇ ವೈದ್ಯರು. ನಮ್ಮ ಹುಡುಗರು ಆ ಹಿಡಿತಗಳನ್ನೆಲ್ಲ ಕಲಿತದ್ದಾಯಿತು. ಆಡುವುದು ಮಾತ್ರ ಕಲ್ಲುಮಣ್ಣಿನ ಮೇಲೆ, ಪಕ್ಕದಲ್ಲಿ ಲಿಂಬೂ ಶರಬತ್ತಿನ ಬಕೆಟ್ಟು.

‘ಗಂಡುಹುಡುಗರು ಗಟ್ಟಿಯಾಗಲಿ’ ಎಂಬುದು ಹಿರಿಯರ ವಾದ. ಆಗಲಿ. ತೋಳು ವ್ಯಾಯಾಮದಿಂದ ಗಟ್ಟಿಯಾಗುತ್ತದೆ. ಪೆಟ್ಟು ತಿಂದು ಗಟ್ಟಿಯಾದ ಮಿದುಳನ್ನು ಯಾರೂ ಕಂಡಿಲ್ಲ. ಇನ್ನೊಂದು ವಾದ ಕ್ರೀಡಾ ಕೋಟಾದ್ದು. ಇದರ ಸೆಳೆತ ನಮಗೆ ಗೊತ್ತಿದೆ. ರೈಲ್ವೆಯಲ್ಲೋ ಬ್ಯಾಂಕಿನಲ್ಲೋ ಒಂದು ನೌಕರಿ ಸಿಕ್ಕಿದರೆ ಚಾಳಿನ ಒಂದು ಕೋಣೆಯ ಸಂಸಾರ ದಡ ಸೇರುತ್ತದೆ. ಕೇಂದ್ರ ಸರ್ಕಾರದ ಕಾರಕೂನರಾದ ನಾವು ಅದನ್ನು ಹಗುರವಾಗಿ ಕಾಣಲಾರೆವು. ಆದರೆ ಆ ಅರ್ಜಿಯಲ್ಲಿ ಗಳಿಸಿದ ಪದಕಗಳಿಗೆ ಕಾಲಮ್ ಇದೆ, ತಿಂದ ಪೆಟ್ಟುಗಳಿಗೆ ಇಲ್ಲ. ಸಿಕ್ಕಿದ ನೌಕರಿಯನ್ನು ಮೂವತ್ತು ವರ್ಷ ನಡೆಸಿಕೊಂಡು ಹೋಗಬೇಕಾದದ್ದೂ ಅದೇ ತಲೆ.

ಕಬಡ್ಡಿ ನಿಲ್ಲಿಸಿರೆಂದು ನಾವು ಹೇಳುತ್ತಿಲ್ಲ. ದಿನದ ದುಡಿಮೆ ಮುಗಿಸಿ ಬಂದ ಹುಡುಗನಿಗೆ ಆ ಅರ್ಧ ಗಂಟೆಯೇ ಊರಿನ ನೆನಪು. ಕಾರ್ಯಕಾರಿ ಸಮಿತಿ ಇಷ್ಟು ಮಾಡಲಿ. ತಲೆಗೆ ಪೆಟ್ಟು ಬಿದ್ದು ಮಂಕಾದ ಹುಡುಗನ ಆಟ ಆ ದಿನಕ್ಕೆ ಮುಗಿಯಿತೆಂದು ಸುತ್ತೋಲೆಯಲ್ಲಿ ಅಚ್ಚಾಗಲಿ. ಫೈನಲ್ ಆದರೂ ಸರಿ, ಅಧ್ಯಕ್ಷರ ಮಗನಾದರೂ ಸರಿ. ಅವನ ಬದಲಿಗೆ ಇನ್ನೊಬ್ಬನನ್ನು ಇಳಿಸಲು ಅವಕಾಶವಿರಲಿ. ಕ್ರಿಕೆಟ್ಟಿನಲ್ಲಿ 2019ರಿಂದ ಈ ನಿಯಮವಿದೆ. 2020ರಲ್ಲಿ ಕ್ಯಾನ್‌ಬೆರಾದಲ್ಲಿ ಜಡೇಜಾ ಬದಲಿಗೆ ಚಾಹಲ್ ಇಳಿದದ್ದು ಇದರಂತೆಯೇ. ವೈದ್ಯರ ಒಪ್ಪಿಗೆ ಸಿಗುವವರೆಗೆ ಮತ್ತೆ ಅಂಕಣಕ್ಕೆ ಬಿಡಬಾರದು. ವಾಂತಿ, ಮರೆವು, ಮಂಪರು ಕಂಡರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ಸಂಘದ ವೈದ್ಯ ಸದಸ್ಯರನ್ನು ದೀಪ ಬೆಳಗಿಸಲು ಕರೆಯುತ್ತೇವಲ್ಲ, ಅಂಕಣದ ಪಕ್ಕದಲ್ಲೂ ಒಂದು ಕುರ್ಚಿ ಹಾಕೋಣ.

ಇದಕ್ಕೆ ತಗಲುವ ಖರ್ಚು ಮುಖ್ಯ ಅತಿಥಿಗಳ ಹಾರ-ಶಾಲುಗಳಿಗಿಂತ ಕಡಿಮೆ. ಬರುವ ಮಹಾಸಭೆಯಲ್ಲಿ ಈ ಠರಾವನ್ನು ನಾವೇ ಮಂಡಿಸುತ್ತೇವೆ. ಅನುಮೋದಿಸಲು ಒಬ್ಬರು ಬೇಕು. ಮಕ್ಕಳಿರುವ ಯಾರಾದರೂ ಎದ್ದು ನಿಲ್ಲುವಿರಾ?